ಬಾಯಿಮಾತಿನ ಕರಾರು, ನಿಂತುಹೋದ ಕೆಲಸ

ಪ್ರಶ್ನೆ: ಜಕ್ಕೂರಿನಲ್ಲಿ ನಮ್ಮದು ಹಳೆಯ ಮನೆ. ತಾರಸಿಗೆ ವಾಟರ್‌ಪ್ರೂಫಿಂಗ್, ಅಡುಗೆಮನೆಗೆ ಹೊಸ ಕಪಾಟು ಮಾಡಿಸಲು ಪರಿಚಯದ ಕಾಂಟ್ರಾಕ್ಟರ್ ಜೊತೆ 4 ಲಕ್ಷಕ್ಕೆ ಮಾತಾಗಿತ್ತು. 2.8 ಲಕ್ಷ ಕೊಟ್ಟಾಗಿದೆ. ಈಗ ಆ 4 ಲಕ್ಷದ ಮೇಲೆ 1.2 ಲಕ್ಷ ಜಾಸ್ತಿ ಬೇಕೆಂದು ಕೆಲಸ ನಿಲ್ಲಿಸಿದ್ದಾರೆ. ಕೇಳಿದರೆ, ‘ಅಗ್ರಿಮೆಂಟ್ ಎಲ್ಲಿದೆ ಸಾರ್?’ ಅಂತಾರೆ. ನಮ್ಮ ಕೇಸು ನಿಲ್ಲುತ್ತದೆಯೇ?
— ಹೆಸರು ಬೇಡ, ಜಕ್ಕೂರು

ಉತ್ತರ: ನಿಲ್ಲುತ್ತದೆ. ಮನೆ ರಿಪೇರಿಯ ಕರಾರು ಬರಹದಲ್ಲೇ ಇರಬೇಕೆಂದು ನಮ್ಮ ಕಾನೂನು ಹೇಳುವುದಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ತೊಡಕಿರುವುದು ಅದನ್ನು ಸಾಬೀತು ಮಾಡುವುದರಲ್ಲಿ. ಬ್ಯಾಂಕ್ ಮತ್ತು ಯುಪಿಐ ಪಾವತಿಯ ವಿವರ, ವಾಟ್ಸ್‌ಆ್ಯಪ್ ಮಾತುಕತೆ, ಅರ್ಧಕ್ಕೆ ನಿಂತ ಕೆಲಸದ ಫೋಟೊ ಎಲ್ಲವನ್ನೂ ಇಂದೇ ತೆಗೆದಿಡಿ. ಫೋನಿನಲ್ಲಿರುವ ಮೂಲ ಸಂದೇಶಗಳನ್ನು ಅಳಿಸಬೇಡಿ.

ಆದರೆ ನಿಮ್ಮನ್ನೂ ಒಂದು ಮಾತು ಕೇಳಬೇಕು: ನಡುವೆ ‘ಇದೂ ಒಂದು ಮಾಡಿಬಿಡಿ’ ಎಂದು ಹೆಚ್ಚುವರಿ ಕೆಲಸ ಹೇಳಿದ್ದಿರಾ? ಹೇಳಿದ್ದರೆ ಅದಕ್ಕೆ ನ್ಯಾಯವಾದ ಹಣ ಕೊಡಲೇಬೇಕು. ಅದೇ ಕಾಯ್ದೆಯ 70ನೇ ಸೆಕ್ಷನ್ ಅವರ ಪರವಾಗಿದೆ. ಸುಮ್ಮನೆ ರೇಟು ಏರಿಸಿದ್ದರೆ, ಒಪ್ಪಿಕೊಂಡ 4 ಲಕ್ಷ ಮೀರಿ ಕೊಡುವ ಹೊಣೆ ನಿಮಗಿಲ್ಲ.

ಮೊದಲು ಎದುರು ಕೂತು ಉಳಿದ ಕೆಲಸದ ಪಟ್ಟಿ ಮಾಡಿ. ಪ್ರತಿ ಕೆಲಸಕ್ಕೆ ಎಷ್ಟು ಹಣ, ಯಾವ ತಾರೀಖಿಗೆ ಮುಗಿಯಬೇಕು, ತಾರಸಿ ಸೋರಿದರೆ ಎಷ್ಟು ವರ್ಷದವರೆಗೆ ಅವರೇ ಸರಿಪಡಿಸಬೇಕು, ಎಲ್ಲವನ್ನೂ ಬರೆಯಿರಿ. ಸಾಮಾನಿನ ಗುಣಮಟ್ಟವನ್ನೂ ಬಿಡಬೇಡಿ. ಬರೀ ‘ಒಳ್ಳೆ ಪ್ಲೈವುಡ್’ ಎಂದರೆ ಸಾಲದು, ಸಿಂಕಿನ ಕೆಳಗೆ ನೀರು ತಡೆಯುವ ಐಎಸ್ 710 ಗುರುತಿನದೇ ಬೇಕು ಎಂದು ನಮೂದಿಸಿ. ತಕ್ಕ ಮೌಲ್ಯದ ಛಾಪಾ ಕಾಗದದಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿದರೆ, ಮುಂದೆ ಅದನ್ನು ಕೋರ್ಟಿನಲ್ಲಿ ಹಾಜರುಪಡಿಸುವಾಗ ಮುದ್ರಾಂಕ ಶುಲ್ಕದ ತಕರಾರು ಏಳುವುದಿಲ್ಲ.

ಅವರು ಒಪ್ಪದಿದ್ದರೆ 15 ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿರುವುದರಿಂದ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ದಾರಿ ತಿಳಿಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಇನ್ನು ಮುಂಗಡದ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ಕೆಲಸಕ್ಕೆ ಮುಂಗಡವಾಗಿ ಕರಾರಿನ ಶೇ 10 ಅಥವಾ 1,000 ಡಾಲರ್, ಇವೆರಡರಲ್ಲಿ ಕಡಿಮೆ ಯಾವುದೋ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ನಮ್ಮಲ್ಲಿ ಅಂಥ ಮಿತಿ ಇಲ್ಲ, ಅದನ್ನು ಮನೆಯವರೇ ಹಾಕಿಕೊಳ್ಳಬೇಕು. ಮಾತಾದ 4 ಲಕ್ಷದಲ್ಲಿ ಉಳಿದ 1.2 ಲಕ್ಷ ಇನ್ನೂ ನಿಮ್ಮ ಕೈಯಲ್ಲಿದೆ. ಕಾಗದಕ್ಕೆ ಸಹಿ ಬೀಳುವವರೆಗೆ ಅದರಲ್ಲಿ ಒಂದು ರೂಪಾಯಿಯನ್ನೂ ಬಿಚ್ಚಬೇಡಿ.