ಅಮು ದರಿಯಾ: ಒಂದೇ ಮಾತಿನ ಎರಡು ದಡ

ನಮ್ಮ ಮನೆಯಲ್ಲಿ ನದಿಗೆ ದರಿಯಾ ಎನ್ನುತ್ತೇವೆ. ಹಾಗಾಗಿ ಭೂಪಟದಲ್ಲಿ ‘ಅಮು ದರಿಯಾ’ ಎಂದು ಕಂಡಾಗ ಅದು ನದಿಯೆಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅದರ ಮೇಲ್ಭಾಗದ ಹೆಸರು ಪಂಜ್, ಅಂದರೆ ಐದು. ಪಂಜಾಬ್ ಎಂಬ ಹೆಸರಿನಲ್ಲಿರುವುದೂ ಇದೇ ಪಂಜ್. ಪಾಮೀರ್ ಮತ್ತು ವಾಖಾನ್ ಎಂಬ ಎರಡು ನದಿಗಳು ಬೆಟ್ಟಗಳ ನಡುವೆ ಸೇರಿ ಪಂಜ್ ಆಗುತ್ತದೆ. ಮುಂದೆ ವಖ್ಶ್ ನದಿ ಸೇರಿದ ಮೇಲೆ ಅದೇ ಅಮು ದರಿಯಾ. ಇಂದು ಈ ನದಿಯ ದಕ್ಷಿಣಕ್ಕೆ ಅಫ್ಘಾನಿಸ್ತಾನ, ಉತ್ತರಕ್ಕೆ ಮೊದಲು ತಜಿಕಿಸ್ತಾನ, ಆಮೇಲೆ ಉಜ್ಬೇಕಿಸ್ತಾನ, ತುರ್ಕಮೆನಿಸ್ತಾನ.

ಗಡಿ ಎಂಬ ಹೆಸರು ಈ ನದಿಗೆ ಹಳೆಯದೇ. ಗ್ರೀಕರು ಇದನ್ನು ಆಕ್ಸಸ್ ಎಂದರು, ಅರಬರು ಜೈಹೂನ್ ಎಂದರು. ಆಚೆಯ ನಾಡಿಗೆ ಅರಬರು ಇಟ್ಟ ಹೆಸರು ‘ಮಾವರಾ ಉನ್ನಹರ್’, ಅಂದರೆ ನದಿಯಾಚೆ ಇರುವುದು. ಫಿರ್ದೌಸಿಯ ಶಾಹನಾಮೆಯಲ್ಲಿ ಈಚೆ ಇರಾನ್, ಆಚೆ ತೂರಾನ್, ನಡುವೆ ಮುಗಿಯದ ಯುದ್ಧ. ಆದರೆ ಅದು ಕಾವ್ಯದ ಗಡಿ. ನಿಜದಲ್ಲಿ ನದಿಯಾಚೆಯ ಬುಖಾರಾ, ಸಮರ್ಕಂದ್‌ಗಳಲ್ಲೂ ಫಾರ್ಸಿ ಮಾತು ನಡೆಯುತ್ತಿತ್ತು. ಇಮಾಮ್ ತಿರ್ಮಿಝಿ ಅವರ ಊರು ತಿರ್ಮಿಝ್ ಇದೇ ನದಿಯ ಉತ್ತರ ದಡದಲ್ಲಿದೆ. ಹದೀಸ್ ಸಂಗ್ರಹಿಸಲು ಅವರು ಖುರಾಸಾನ್, ಇರಾಕ್, ಹಿಜಾಝ್ ಎಲ್ಲ ಸುತ್ತಿ ಬಂದರು.

ನದಿ ನಿಜವಾದ ಗಡಿಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಉತ್ತರದಿಂದ ರಷ್ಯಾ ಇಳಿದು ಬರುತ್ತಿತ್ತು; ಹಿಂದುಸ್ತಾನವನ್ನು ಹಿಡಿದಿದ್ದ ಬ್ರಿಟಿಷರಿಗೆ ಅದರ ಭಯ. 1873ರಲ್ಲಿ ಇಬ್ಬರೂ ಸೇರಿ ಅಫ್ಘಾನಿಸ್ತಾನದ ಉತ್ತರದ ಎಲ್ಲೆ ಈ ನದಿಯೇ ಎಂದು ಒಪ್ಪಿಕೊಂಡರು. ತೊಂದರೆ ಏನೆಂದರೆ, ಬೆಟ್ಟಗಳ ನಡುವಿನ ಶುಘ್ನಾನ್, ರೋಶಾನ್, ದರ್ವಾಜ್ ಎಂಬ ಸಣ್ಣ ಸಂಸ್ಥಾನಗಳು ಪಂಜ್ ನದಿಯ ಎರಡೂ ದಡದಲ್ಲಿದ್ದವು. 1890ರ ದಶಕದಲ್ಲಿ ಇದನ್ನೂ ‘ಸರಿಪಡಿಸಿದರು’. ಶುಘ್ನಾನ್, ರೋಶಾನ್‌ಗಳ ಉತ್ತರ ಭಾಗವನ್ನು ಅಫ್ಘಾನಿಸ್ತಾನ ಬಿಟ್ಟುಕೊಟ್ಟಿತು. ದರ್ವಾಜ್‌ನ ದಕ್ಷಿಣ ಭಾಗವನ್ನು ಬುಖಾರಾದ ಅಮೀರ್ ಬಿಟ್ಟುಕೊಟ್ಟ. ನಮ್ಮ ಜರ್ನಲ್ ಎಂಟ್ರಿಯ ಹಾಗೆ ಡೆಬಿಟ್ ಕ್ರೆಡಿಟ್ ಎರಡೂ ಸಮ. ದಡದ ಮೇಲಿದ್ದವರನ್ನು ಮಾತ್ರ ಯಾರೂ ಕೇಳಲಿಲ್ಲ. 1895ರಲ್ಲಿ ಎರಡು ಸಾಮ್ರಾಜ್ಯಗಳು ಒಂದಕ್ಕೊಂದು ತಾಗದಿರಲೆಂದು ವಾಖಾನ್ ಎಂಬ ಉದ್ದನೆಯ ಪಟ್ಟಿಯನ್ನು ಅಫ್ಘಾನಿಸ್ತಾನಕ್ಕೆ ಸೇರಿಸಿದರು. ಭೂಪಟದಲ್ಲಿ ಅದು ಚೀನಾದ ಕಡೆಗೆ ಚಾಚಿದ ಬೆರಳಿನಂತೆ ಕಾಣುತ್ತದೆ.

ಸೋವಿಯತ್ ಕಾಲದಲ್ಲಿ ಗಡಿ ಪೂರ್ತಿ ಮುಚ್ಚಿತು. ಎರಡೂ ದಡದವರು ಮನೆಯಲ್ಲಿ ಶುಘ್ನಿಯನ್ನೋ ವಾಖಿಯನ್ನೋ ಆಡುತ್ತಾರೆ. ಶಾಲೆಯಲ್ಲಿ ಕಲಿಯುವುದು ಫಾರ್ಸಿ. ಅದಕ್ಕೆ ದಕ್ಷಿಣದಲ್ಲಿ ದರಿ ಎಂದು ಹೆಸರು, ಉತ್ತರದಲ್ಲಿ ತಾಜಿಕಿ. ದಕ್ಷಿಣದಲ್ಲಿ ಬಲದಿಂದ ಎಡಕ್ಕೆ ಬರೆಯುವ ಹಳೆಯ ಲಿಪಿಯೇ ಉಳಿಯಿತು. ಉತ್ತರದಲ್ಲಿ ಮೊದಲು ಲ್ಯಾಟಿನ್ ಲಿಪಿ ತಂದರು, 1940ರ ಹೊತ್ತಿಗೆ ಅದನ್ನೂ ಬಿಟ್ಟು ರಷ್ಯನ್ನರ ಸಿರಿಲಿಕ್ ಲಿಪಿಗೆ ಬದಲಾಯಿಸಿದರು. ಮಾತನಾಡಿದರೆ ಪರಸ್ಪರ ತಿಳಿಯುತ್ತದೆ, ಕಾಗದ ಬರೆದರೆ ಓದಲಾಗುವುದಿಲ್ಲ.

ಈ ಸಂಗತಿ ಓದಿದಾಗ ನಮ್ಮ ಮನೆಯ ಕಪಾಟು ನೆನಪಾಯಿತು. ನನ್ನ ದಾದಾ ತಮ್ಮ ಅಂಗಡಿಯ ಲೆಕ್ಕವನ್ನು ಉರ್ದುವಿನಲ್ಲಿ ಬರೆದಿಟ್ಟಿದ್ದಾರೆ. ಅಕೌಂಟೆನ್ಸಿ ಓದುತ್ತಿರುವ ನಾನು ಆ ಪುಸ್ತಕ ತೆರೆದರೆ ಒಂದು ಸಾಲೂ ಓದಲಾರೆ. ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ದಾದಿ ಓದಿ ಹೇಳಿದರೆ ಎಲ್ಲ ಅರ್ಥವಾಗುತ್ತದೆ. ನಡುವೆ ಯಾವ ನದಿಯೂ ಇಲ್ಲ. ಈ ರಜೆಯಲ್ಲಿ ಅಲಿಫ್, ಬೇ ಶುರು ಮಾಡಿದ್ದೇನೆ.

ಪಂಜ್ ನದಿಗೆ ಈಚೆಗೆ ಸೇತುವೆಗಳಾಗಿವೆ. ಆಗಾ ಖಾನ್ ಡೆವಲಪ್‌ಮೆಂಟ್ ನೆಟ್‌ವರ್ಕ್ ನೆರವಿನಿಂದ 2002ರಲ್ಲಿ ಖೊರೋಗ್ ಬಳಿಯ ತೆಮ್‌ನಲ್ಲಿ, 2004ರಲ್ಲಿ ದರ್ವಾಜ್‌ನಲ್ಲಿ, 2006ರಲ್ಲಿ ಇಶ್ಕಾಶಿಮ್‌ನಲ್ಲಿ. 2007ರಲ್ಲಿ ಅಮೆರಿಕದ ಹಣದಿಂದ ಕೆಳಗಿನ ಪಂಜಿ ಪೋಯೋನ್‌ನಲ್ಲಿ ದೊಡ್ಡ ಲಾರಿಗಳು ಹೋಗುವಂಥ ಸೇತುವೆ ಬಂತು. 2008ರಿಂದ ಖೊರೋಗ್ ಕಡೆಯ ವಿದ್ಯುತ್ತನ್ನು ಎದುರು ದಡದ ಅಫ್ಘನ್ ಹಳ್ಳಿಗಳಿಗೂ ಮಾರಲು ತೊಡಗಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇಶ್ಕಾಶಿಮ್‌ನ ಶನಿವಾರದ ಸಂತೆ. ಅದು ನೆರೆದದ್ದು ನದಿಯ ನಡುವಿನ ಒಂದು ದ್ವೀಪದಲ್ಲಿ. ವೀಸಾ ಇಲ್ಲದೆ ಎರಡೂ ಕಡೆಯವರು ಅಲ್ಲಿಗೆ ಬರಬಹುದಿತ್ತು. ಒಬ್ಬರ ಕೈಯಲ್ಲಿ ಸೊಮೊನಿ, ಇನ್ನೊಬ್ಬರ ಕೈಯಲ್ಲಿ ಅಫ್ಘಾನಿ. ಚೌಕಾಸಿ ಬಾಯಲ್ಲೇ ನಡೆಯುವುದರಿಂದ ಲಿಪಿಯ ತೊಡಕಿಲ್ಲ. ಇಲ್ಲಿ ಬರಿ ವ್ಯಾಪಾರವಲ್ಲ, ಎದುರು ದಡದ ನೆಂಟರನ್ನು ನೋಡುವುದೂ ಆಗುತ್ತಿತ್ತು. ಆಚೆ ಗುಂಡಿನ ಸದ್ದು ಹತ್ತಿರವಾದಾಗಲೆಲ್ಲ ಸಂತೆಯ ಗೇಟು ಮುಚ್ಚುತ್ತಿತ್ತು. ಆಗ ಅವರು ಮತ್ತೆ ತಮ್ಮ ತಮ್ಮ ದಡಕ್ಕೆ.