ಕಣದಲ್ಲಿ ಕಾಫಿ, ಬಾನಲ್ಲಿ ಮೋಡ

ಹಣ್ಣು ಕೊಯ್ಲಿಗೆ ಬಂದಿದೆ, ಮೋಡ ಮಾತ್ರ ಚದುರುತ್ತಿಲ್ಲ. ತಿಂಗಳ ಹವಾಮಾನ ನಂಬಿ ಆಳು ಕರೆಸಬಹುದೇ ಎಂಬುದು ಸಕಲೇಶಪುರದ ಬೆಳೆಗಾರರೊಬ್ಬರ ಪ್ರಶ್ನೆ.

ತಿಂಗಳಿಡೀ ನಂಬುವುದು ಬೇಡ. ಭಾರತೀಯ ಹವಾಮಾನ ಇಲಾಖೆ ಪ್ರತಿ ಗುರುವಾರ ನಾಲ್ಕು ವಾರಗಳ ಮುನ್ನೋಟ ಕೊಡುತ್ತದೆ. ಮೊದಲ ವಾರದ್ದು ಕೆಲಸಕ್ಕೆ ಬರುವಂಥದು. ಕೊನೆಯ ಎರಡು ವಾರಗಳದ್ದು ಮಳೆ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂಬ ಒಲವಷ್ಟೇ.

ಡಿಸೆಂಬರ್ ಮೋಡದ ತವರು ಬಹುಮಟ್ಟಿಗೆ ಬಂಗಾಳ ಕೊಲ್ಲಿ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಮುಟ್ಟಿದ ಫೆಂಗಲ್ ಚಂಡಮಾರುತ, ಬಲ ಕುಂದಿದ ಮೇಲೂ ಪಶ್ಚಿಮಕ್ಕೆ ಸರಿದು ಡಿಸೆಂಬರ್ ಮೊದಲ ವಾರ ಮಲೆನಾಡನ್ನೂ ತೋಯಿಸಿತು. ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂದರೆ ಚೆನ್ನೈಯವರ ತಲೆನೋವು ಎಂದು ಸುಮ್ಮನಿರುವಂತಿಲ್ಲ!

ಕಣದ ಅರೇಬಿಕಾ ನೆನೆದರೆ ಬೂಷ್ಟು ಹಿಡಿಯುತ್ತದೆ. ಟಾರ್ಪಾಲು ಹೊದಿಸಿದರಷ್ಟೇ ಸಾಲದು. ಮಳೆ ಬಿಟ್ಟೊಡನೆ ಅದನ್ನು ತೆಗೆದು ಕಾಫಿಯನ್ನು ಕೈಯಾಡಿಸಬೇಕು, ಇಲ್ಲವಾದರೆ ಒಳಗೇ ಬೆವರುತ್ತದೆ. ರೊಬಸ್ಟಾದವರ ಪಾಡು ಬೇರೆ. ಜನವರಿಯಲ್ಲಿ ಜೋರು ಮಳೆಯಾದರೆ ಹಣ್ಣು ಗಿಡದಲ್ಲಿರುವಾಗಲೇ ಹೂ ಅರಳಿ, ಕೊಯ್ಯುವಾಗ ಮುಂದಿನ ಫಸಲೂ ಉದುರುತ್ತದೆ. 2021ರ ಜನವರಿಯ ಅಕಾಲಿಕ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೇಘದೂತ್ ಆ್ಯಪ್‌ನಲ್ಲಿ ಪ್ರತಿ ಮಂಗಳವಾರ, ಶುಕ್ರವಾರ ಕೃಷಿ ಸಲಹೆಯ ಜತೆ ಐದು ದಿನಗಳ ಮುನ್ಸೂಚನೆ ಕನ್ನಡದಲ್ಲೇ ಸಿಗುತ್ತದೆ. ಅದನ್ನು ನೋಡಿಕೊಂಡು, ಕಣ ಹಿಡಿಸುವಷ್ಟನ್ನೇ ಕೊಯ್ಯಿಸಲಿ.