ಕರಾವಳಿಯನ್ನು ಕೈಯಿಂದ ಬರೆದು ಕಲಿ

ಮಗಳೇ,

ಪ್ರಿಲಿಮ್ಸ್ ಹತ್ತಿರ ಬಂತು, ಭಾರತದ ಕರಾವಳಿಯನ್ನು ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ ಎಂದು ನೀನು ಫೋನಿನಲ್ಲಿ ಹೇಳಿದ್ದು ಮನಸ್ಸಿನಲ್ಲೇ ಉಳಿದಿದೆ. ಕೊಲ್ಲೇರು, ಪುಲಿಕಾಟ್ ಅದಲುಬದಲಾಗುತ್ತವೆ, ಬಂದರುಗಳ ಕ್ರಮ ತಪ್ಪಿಹೋಗುತ್ತದೆ ಅಂದೆ. ನಿನ್ನ ನೆನಪಿನ ಶಕ್ತಿಯ ಬಗ್ಗೆ ನನಗೆ ಸಂಶಯವಿಲ್ಲ. ಸರೋವರಗಳಿಗೊಂದು ಪಟ್ಟಿ, ಬಂದರುಗಳಿಗೊಂದು, ನದಿಗಳಿಗೊಂದು ಎಂದು ಬೇರೆಬೇರೆ ಮಾಡಿಕೊಂಡಿದ್ದೀಯ. ನೆಲದ ಮೇಲೆ ಅವು ಒಂದಕ್ಕೊಂದು ಅಂಟಿಕೊಂಡೇ ಇವೆ. ಅದನ್ನು ಬಿಡಿಸಿದ್ದರಿಂದಲೇ ಎಲ್ಲವೂ ಜಾರಿಹೋಗುತ್ತಿವೆ.

ಈ ಸಲದ ಪುನರಾವರ್ತನೆಗೆ ನೋಟ್ಸ್ ಮುಚ್ಚಿಡು. ಬಿಳಿ ಹಾಳೆಯ ಮೇಲೆ ಕಛ್‌ನಿಂದ ಸುಂದರಬನದವರೆಗೆ ನೆನಪಿನಿಂದಲೇ ಗೆರೆ ಎಳೆ. ಪ್ರತಿ ಹೆಸರು ಬರೆಯುವಾಗ ‘ಇದು ಇಲ್ಲೇ ಯಾಕೆ?’ ಎಂದು ಕೇಳಿಕೋ. ಉತ್ತರ ಹೊಳೆಯದಿದ್ದರೆ ಮಾತ್ರ ಪುಸ್ತಕ ತೆರೆ.

ಮೇಲಿನಿಂದಲೇ ಶುರುಮಾಡು. ಕಾಂಡ್ಲಾ ಬಂದರು ಕಛ್ ಖಾರಿಯ ತುದಿಯಲ್ಲಿ ಯಾಕೆ ಹುಟ್ಟಿತು? ದೇಶ ವಿಭಜನೆಯಾಗಿ ಕರಾಚಿ ಕೈತಪ್ಪಿತು. ವಾಯವ್ಯ ಭಾರತದ ಸರಕಿಗೆ ಬೇರೆ ಬಾಗಿಲು ಬೇಕಾಯಿತು. ಅಲ್ಲಿಂದ ಖಂಭಾತ್ ಖಾರಿಗೆ ಬಾ. ಇಲ್ಲಿ ಉಬ್ಬರವಿಳಿತದ ವ್ಯತ್ಯಾಸ ಬಹಳ ದೊಡ್ಡದು. ಭರತ ಬಂದಾಗ ಹಡಗನ್ನು ದಡಕ್ಕೆ ಏರಿಸಿ, ನೀರು ಇಳಿದ ಮೇಲೆ ಒಡೆಯಬಹುದು. ಹಳೆ ಹಡಗು ಒಡೆಯುವ ಅಲಂಗ್ ಇದೇ ಖಾರಿಯ ದಡದಲ್ಲಿರುವುದಕ್ಕೆ ಅದೇ ಕಾರಣ. ನರ್ಮದಾ, ತಾಪಿ ನದಿಗಳು ಬಿರುಕು ಕಣಿವೆಗಳಲ್ಲಿ ಹರಿದು ಬಂದು ಇಲ್ಲಿ ಸೇರುತ್ತವೆ. ಅವಕ್ಕೆ ಅಳಿವೆ ಇದೆ, ಮುಖಜಭೂಮಿ ಇಲ್ಲ.

ಪಶ್ಚಿಮದ ದಡ ಬಹುಪಾಲು ಮುಳುಗಿದ ಕರಾವಳಿ, ಪೂರ್ವದ್ದು ಮೇಲೆದ್ದ ಕರಾವಳಿ. ಈ ಒಂದು ಭೇದ ಗಟ್ಟಿಯಾದರೆ ಅರ್ಧ ಪಾಠ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸಹ್ಯಾದ್ರಿಯಿಂದ ಧುಮುಕುವ ನದಿಗಳು ಗಿಡ್ಡ, ರಭಸದವು. ಹೂಳನ್ನು ಹರಡಿ ಕೂರಿಸಲು ಅವಕ್ಕೆ ಜಾಗವೂ ಇಲ್ಲ, ಸಮಯವೂ ಇಲ್ಲ. ಮಹಾನದಿ, ಗೋದಾವರಿ, ಕೃಷ್ಣಾ, ಕಾವೇರಿ ದೂರದಿಂದ ನಿಧಾನವಾಗಿ ಇಳಿದು ಬರುತ್ತವೆ, ಮೆಕ್ಕಲು ಸುರಿದು ಮುಖಜಭೂಮಿ ಕಟ್ಟುತ್ತವೆ. ನೈಸರ್ಗಿಕ ಬಂದರುಗಳು ಪಶ್ಚಿಮದಲ್ಲಿ ಹೆಚ್ಚು ಯಾಕೆ, ಚೆನ್ನೈನಲ್ಲಿ ಕೃತಕ ಬಂದರನ್ನೇ ಕಟ್ಟಬೇಕಾಯಿತು ಯಾಕೆ ಎಂಬುದೂ ಇಲ್ಲೇ ಇದೆ. ಪೂರ್ವದಲ್ಲಿ ವಿಶಾಖಪಟ್ಟಣಕ್ಕೆ ಡಾಲ್ಫಿನ್ಸ್ ನೋಸ್ ಗುಡ್ಡದ ಆಸರೆ ಸಿಕ್ಕಿತು. ಕೋಲ್ಕತ್ತ ಹೂಗ್ಲಿಯ ಒಳಗಿನ ನದಿ ಬಂದರು. ಹೂಳಿನ ಕಾಟಕ್ಕೆ ಕೆಳಗೆ ಹಲ್ದಿಯಾ ಬೇಕಾಯಿತು.

ಈಗ ನಿನ್ನನ್ನು ಕಾಡುವ ಆ ಎರಡು ಸರೋವರ. ಗೋದಾವರಿ, ಕೃಷ್ಣಾ ಮುಖಜಭೂಮಿಗಳನ್ನು ಬರೆ. ಅವೆರಡರ ನಡುವೆ ಉಳಿದ ತಗ್ಗೇ ಕೊಲ್ಲೇರು. ಸಮುದ್ರದಿಂದ ಒಳಗಿದೆ, ಆದ್ದರಿಂದ ಸಿಹಿನೀರು. ಕೆಳಗೆ ಆಂಧ್ರ–ತಮಿಳುನಾಡು ಗಡಿಯಲ್ಲಿ ಶ್ರೀಹರಿಕೋಟಾ ಬರೆ. ಆ ದ್ವೀಪ ಸಮುದ್ರಕ್ಕೆ ಅಡ್ಡ ನಿಂತು ಹಿಂದೆ ಉಳಿಸಿಕೊಂಡ ನೀರೇ ಪುಲಿಕಾಟ್, ಉಪ್ಪು ಬೆರೆತದ್ದು. ಹೀಗೆ ಒಮ್ಮೆ ಕೈಯಿಂದ ಬರೆದರೆ ಮತ್ತೆ ಅದಲುಬದಲಾಗುವುದಿಲ್ಲ. ಒಡಿಶಾದ ಚಿಲಿಕಾವನ್ನೂ ಮಹಾನದಿ ಮುಖಜಭೂಮಿಯ ನೈಋತ್ಯಕ್ಕೆ ಕೂರಿಸಿಬಿಡು.

ನಮ್ಮ ಕರಾವಳಿಯನ್ನು ‘ಗೊತ್ತಿರುವುದೇ’ ಎಂದು ಹಾರಿಸಬೇಡ. ಉತ್ತರದಿಂದ ದಕ್ಷಿಣಕ್ಕೆ ಜೋಡಿಸಲು ಹೇಳಿದಾಗ ನಮ್ಮ ಮಕ್ಕಳೇ ತಡಬಡಾಯಿಸುವುದನ್ನು ಕಂಡು ನನಗೆ ನಿಜಕ್ಕೂ ನೋವಾಗುತ್ತದೆ. ಕಾರವಾರದಲ್ಲಿ ಕಾಳಿ, ನಂತರ ಗಂಗಾವಳಿ, ತದಡಿಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಗಂಗೊಳ್ಳಿಯಲ್ಲಿ ಸೌಪರ್ಣಿಕಾ ಮತ್ತು ಜೊತೆಯ ಹೊಳೆಗಳು, ಕೋಡಿಬೇಂಗ್ರೆಯಲ್ಲಿ ಸೀತಾ–ಸುವರ್ಣಾ, ಮಂಗಳೂರಲ್ಲಿ ಗುರುಪುರ–ನೇತ್ರಾವತಿ. ಅಘನಾಶಿನಿಯಲ್ಲಿ ಸ್ವಲ್ಪ ನಿಲ್ಲು. ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ನದಿಯದು. ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ, ಅಲ್ಲಿ ಚಿಪ್ಪಿಕಲ್ಲು ಆರಿಸಿ ಬದುಕುವ ಕುಟುಂಬಗಳಿವೆ. 2024ರಲ್ಲಿ ಈ ಅಳಿವೆ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ನಾಳೆ ನೀನು ಅಧಿಕಾರಿಯಾಗಿ ಇಂಥ ಅಳಿವೆಯ ಕಡತಕ್ಕೆ ಸಹಿ ಹಾಕಬೇಕಾಗಬಹುದು. ಆ ಕಾಗದದ ಹಿಂದೆ ಯಾವ ನೀರು, ಯಾರ ಗದ್ದೆ ಇದೆ ಎಂಬುದು ಆಗ ನಿನಗೆ ಕಾಣಬೇಕು. ಓದಿನ ಬಗ್ಗೆ ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಅಂಕಿಗಳ ವಿಷಯದಲ್ಲಿ ಎಚ್ಚರ. ಹಳೆ ಗೈಡುಗಳಲ್ಲಿ ಕರಾವಳಿಯ ಉದ್ದ 7,516.6 ಕಿ.ಮೀ. ಗೃಹ ಸಚಿವಾಲಯದ 2023–24ರ ವಾರ್ಷಿಕ ವರದಿಯಲ್ಲಿ ಅದು 11,098.81 ಕಿ.ಮೀ. ಸಮುದ್ರ ಹಿಂದೆ ಸರಿದು ದೇಶ ದೊಡ್ಡದಾಗಲಿಲ್ಲ. 1970ರ ದಶಕದ ಹಳೆ ಅಳತೆ ಒರಟಾಗಿತ್ತು. ಈಗ ಹೆಚ್ಚು ವಿವರವಿರುವ ನಕ್ಷೆಯ ಮೇಲೆ ಪ್ರತಿ ಕೊಲ್ಲಿ, ಕೋಡಿ, ಅಳಿವೆಯ ಬಳುಕನ್ನೂ ಹಿಡಿದು ಅಳೆದಿದ್ದಾರೆ. ಬಳುಕು ಹೆಚ್ಚಿದ್ದಲ್ಲಿ ಉದ್ದವೂ ಹೆಚ್ಚಿತು. ಸುಂದರಬನದ ಸೀಳುಗಳಿಂದಾಗಿ ಪಶ್ಚಿಮ ಬಂಗಾಳ 157ರಿಂದ 721 ಕಿ.ಮೀ.ಗೆ ಏರಿತು. ಗುಜರಾತ್ 1,214ರಿಂದ 2,340 ಆಗಿ ರಾಜ್ಯಗಳ ಪೈಕಿ ಮೊದಲ ಸ್ಥಾನದಲ್ಲೇ ಉಳಿದಿದೆ. ನಮ್ಮದು 280ರಿಂದ 343. ಎರಡನೇ ಸ್ಥಾನ ಆಂಧ್ರದ ಕೈಬಿಟ್ಟು ತಮಿಳುನಾಡಿಗೆ ಹೋಗಿದೆ. ಹಳೆ ಪ್ರಶ್ನೆಪತ್ರಿಕೆ ಬಿಡಿಸುವಾಗ ಅದು ಯಾವ ವರ್ಷದ್ದೆಂದು ನೋಡಿಯೇ ಉತ್ತರ ತಾಳೆಹಾಕು.

ದ್ವೀಪಗಳಿಗೆ ಒಂದು ಸಂಜೆ ಸಾಕು. 8 ಡಿಗ್ರಿ ಚಾನಲ್ ಮಿನಿಕಾಯ್ ಮತ್ತು ಮಾಲ್ಡೀವ್ಸ್ ನಡುವೆ, 9 ಡಿಗ್ರಿ ಮಿನಿಕಾಯ್ ಮತ್ತು ಉಳಿದ ಲಕ್ಷದ್ವೀಪದ ನಡುವೆ, 10 ಡಿಗ್ರಿ ಅಂಡಮಾನ್ ಮತ್ತು ನಿಕೋಬಾರ್ ನಡುವೆ. ಅಕ್ಷಾಂಶದ ಗೆರೆ ಎಳೆದೇ ಗುರುತಿಸು.

ಮೊದಲ ನಕ್ಷೆ ಸೊಟ್ಟಗೆ ಬಂದರೆ ಹರಿದು ಹಾಕಬೇಡ. ಅಟ್ಲಾಸಿನ ಪಕ್ಕ ಇಟ್ಟು, ತಪ್ಪಿದ ಜಾಗವನ್ನು ಕೆಂಪು ಪೆನ್ನಿನಲ್ಲಿ ತಿದ್ದು. ಮುಂದಿನ ಸಲ ಎಲ್ಲವನ್ನೂ ಓದಬೇಕಿಲ್ಲ, ಆ ಕೆಂಪು ಗುರುತುಗಳನ್ನಷ್ಟೇ ಓದು. ಭಾನುವಾರ ಬರೆದದ್ದನ್ನು ಫೋಟೊ ತೆಗೆದು ನನಗೆ ಕಳಿಸು, ನಾನೂ ನೋಡುತ್ತೇನೆ.